ನಲ್ಲಿಯ ವಾಷರ್ ವಿಚಾರವಾಗಿ 'ಹನಿಹನಿ'ಯವರ ಮೇಲೆ ಒಂದು ದೂರು

ಮಾನ್ಯ 'ಹನಿಹನಿ'ಯವರೇ,

ತಮ್ಮ ನಿಜವಾದ ಹೆಸರು, ಮುಖ, ವಯಸ್ಸು ಯಾವುದೂ ತಿಳಿಯದಿದ್ದರೂ ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ನನಗೆ ನೆನಪಾಗುವ ಏಕೈಕ ವ್ಯಕ್ತಿ ತಾವಾಗಿರುವುದರಿಂದ, ತಮಗೂ ತಮ್ಮ ಮನೆಯ ಸೋರದ ನಲ್ಲಿಗಳಿಗೂ ಮೊದಲಿಗೆ ನನ್ನ ನಮಸ್ಕಾರಗಳು.

ನಮ್ಮ ಮನೆ ರಿಪೇರಿ ಆನ್‌ಲೈನ್ ವೇದಿಕೆಯಲ್ಲಿ ತಾವು ಉತ್ತರ ಬರೆಯಲು ತೊಡಗುವವರೆಗೂ 'ತಿಂಗಳ ತಜ್ಞ' ಎಂಬ ಬಿರುದು 'ಜಲಬ್ರಹ್ಮ' ಎಂಬ ನನ್ನ ಹೆಸರಿನ ಪಕ್ಕದಲ್ಲೇ ಬೀಡುಬಿಟ್ಟಿತ್ತು. ಕಚೇರಿಯಲ್ಲಿ ನಾನು ಹಾಜರಿ ನೋಡಿಕೊಳ್ಳುವ ಗುಮಾಸ್ತ, ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಮನೆಯಲ್ಲಿ ಕೇಳುವುದು ತರಕಾರಿ ತಂದ್ರಾ ಎಂಬುದೊಂದೇ. ಈ ಭೂಮಿಯ ಮೇಲೆ 'ಸರ್, ದಯವಿಟ್ಟು ತಿಳಿಸಿ' ಎಂದು ನನ್ನನ್ನು ಕೇಳುತ್ತಿದ್ದ ಜಾಗ ಅದೊಂದೇ. ಅಲ್ಲಿಗೂ ತಾವು ಬಂದಿರಿ, ಅದೂ ಎಂಥ ವಿನಯದಿಂದ! ತಮ್ಮ ಪ್ರತಿ ಉತ್ತರದ ಕೊನೆಗಿರುವ ಕೈಮುಗಿದ ಚಿತ್ರ ಕಂಡಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೊನ್ನೆ ಹೊಸ ಸದಸ್ಯೆಯೊಬ್ಬರು ಎಷ್ಟು ಬಿಗಿ ಮಾಡಿದರೂ ನಲ್ಲಿ ತೊಟ್ಟಿಕ್ಕುತ್ತದೆ ಎಂದಾಗ ತಾವು, ಬಿಗಿ ಮಾಡಬೇಡಿ, ಒಳಗಿನ ವಾಷರ್ ಸವೆದಿರುತ್ತದೆ, ಬದಲಿಸಿ ಎಂದು ನಾಲ್ಕು ಸಾಲಿನಲ್ಲಿ ಮುಗಿಸಿದಿರಿ. ಅದು ಸರಿಯೆಂದು ನನಗೂ ಗೊತ್ತಿತ್ತು. ಆದರೆ ತಮ್ಮದನ್ನು ಸರಿ ಎನ್ನುವುದಕ್ಕಿಂತ ಲೋಕದ ನಲ್ಲಿಗಳೆಲ್ಲ ಸೋರಿದರೂ ಚಿಂತೆಯಿಲ್ಲ ಎನ್ನಿಸಿ, ಇದು ಅರೆಬೆಂದ ಬುದ್ಧಿಯ ಸಲಹೆ, ಬರೆದವನು ಜನ್ಮದಲ್ಲಿ ಸ್ಪ್ಯಾನರ್ ಹಿಡಿದಿಲ್ಲ, ಇಡೀ ನಲ್ಲಿಯನ್ನೇ ಕಿತ್ತು ಬದಲಿಸಬೇಕು ಎಂದು ಪುಟಗಟ್ಟಲೆ ಬರೆದೆ. ಸಾಕ್ಷಿಗೊಂದು ವಿಡಿಯೊ ಇರಲೆಂದು, ಒಂದು ಹನಿಯೂ ಸೋರದೆ ತನ್ನ ಪಾಡಿಗೆ ತಾನಿದ್ದ ನಮ್ಮ ಅಡುಗೆಮನೆಯ ನಲ್ಲಿಯನ್ನು, ನೀರು ಬರುವ ವಾಲ್ವ್ ಮುಚ್ಚುವುದನ್ನೂ ಮರೆತು, ಕಿತ್ತೇಬಿಟ್ಟೆ. ತಲೆಯಿಂದ ಕಾಲಿನವರೆಗೆ ತೊಯ್ದ ನನ್ನ ಹೆಂಡತಿ ಓಡಿಹೋಗಿ ವಾಲ್ವ್ ತಿರುಗಿಸಿ ಬಂದು, ನೆಲ ಒರೆಸುವ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸಾಕು ನಿಮ್ಮ ಸಾಹಸ, ಇನ್ನಾದ್ರೂ ನೀವು ದಿನಾ ಬೈಯೋ ಆ ಹನಿಹನಿಯವರನ್ನ ಒಂದ್ಮಾತು ಕೇಳಿ ಎಂದಳು.

ಕೇಳುವ ಮೊದಲೇ ತಮ್ಮ ಮರುಮಾತು ಬಂದು ಕೂತಿತ್ತು. ಆ ನಾಲ್ಕು ಸಾಲು ತಮ್ಮದಲ್ಲವಂತೆ. ಕೆಲವು ವರ್ಷಗಳ ಹಿಂದೆ ಇದೇ ವೇದಿಕೆಯಲ್ಲಿ ನಾನೇ ಬರೆದದ್ದಂತೆ. ತಮ್ಮ ಮನೆಯ ನಲ್ಲಿ ಅದನ್ನು ಓದಿಯೇ ಸರಿಹೋಯಿತಂತೆ. ಅಂದಿನಿಂದ ನಾನೇ ತಮ್ಮ ಗುರುವಂತೆ! ಕೆಳಗೆ ಅದೇ ಕೈಮುಗಿದ ಚಿತ್ರ.

ಮಾನ್ಯರೇ, ತಾವು ಬೈದಿದ್ದರೆ ನಾನೂ ತಿರುಗಿ ಬೈದು ನೆಮ್ಮದಿಯಾಗಿ ಊಟ ಮಾಡುತ್ತಿದ್ದೆ. ಗೌರವ ಕೊಟ್ಟವರನ್ನು ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ, ಅಭ್ಯಾಸವೂ ಇಲ್ಲ. ನನ್ನನ್ನೇ ನಾನು ಅರೆಬೆಂದವನೆಂದು ಇಡೀ ವೇದಿಕೆಗೆ ಸಾರಿದ ಮೇಲೆ ತಜ್ಞನ ಬಿರುದು ಹೇಗೂ ತಮ್ಮದೇ. ಆದ್ದರಿಂದ ನನ್ನ ಕೋರಿಕೆ ಇಷ್ಟೇ: ಆಗಾಗ ದಯವಿಟ್ಟು ಒಂದು ತಪ್ಪು ಉತ್ತರ ಕೊಡಿ, ದೊಡ್ಡದೇನೂ ಬೇಡ, ನನಗೆ ತಿದ್ದಲು ಬರುವಷ್ಟು ಸಾಕು. ಅದೂ ಆಗದಿದ್ದರೆ ಕೈಮುಗಿಯುವುದನ್ನಾದರೂ ನಿಲ್ಲಿಸಿ.

ಸೋತರೂ ಒಪ್ಪದ, ತಮ್ಮ ವಿಶ್ವಾಸಿ,
'ಜಲಬ್ರಹ್ಮ'

ತಾ.ಕ.: ನನ್ನ ಆ ಹಳೆಯ ಉತ್ತರವನ್ನು ಹುಡುಕಿ ನೋಡಿದೆ. ಇಷ್ಟು ವರ್ಷಗಳಲ್ಲಿ ಅದಕ್ಕೆ ಬಿದ್ದಿರುವ ಲೈಕ್ ಒಂದೇ ಒಂದು, ಅದು ತಮ್ಮದು. ಪ್ರತಿಯಾಗಿ ನಾನೂ ತಮ್ಮ ಉತ್ತರಕ್ಕೊಂದು ಲೈಕ್ ಒತ್ತೋಣವೆಂದಿದ್ದೆ. ಏನು ಮಾಡಲಿ, ನೆಲ ಒರೆಸಿ ಒರೆಸಿ ಕೈ ಇನ್ನೂ ಒದ್ದೆಯಾಗಿದೆ.