ಒಂದ್ಸಲ ಬಂದ್ರೆ ಮತ್ತೆ ಬರಲ್ಲ

ಖುದ್ದೂಸ್ ಭಾಯ್ ಬೆನ್ನ ಮೇಲೆ ಎದ್ದ ಕೆಂಪು ದದ್ದುಗಳೇ ಶಿವಶಂಕರನ ಭಾನುವಾರವನ್ನು ತಲೆಕೆಳಗು ಮಾಡಿದ್ದು.

ಅವತ್ತು ಗುಂಡ್ಲುಪೇಟೆಯಲ್ಲಿ ಅವನ ಹೆಂಡತಿ ನಾಗರತ್ನಳ ಸೀಮಂತ. ಎಂಟು ತಿಂಗಳ ಬಸುರಿ ಅವಳು, ತವರಿಗೆ ಹೋಗಿ ಹದಿನೈದು ದಿನವಾಗಿತ್ತು. ಶಿವಶಂಕರ ಹೊಸ ಪಂಚೆ ಉಟ್ಟು, ಒಂದು ಕೈಯಲ್ಲಿ ಮಲ್ಲಿಗೆ ಹೂವಿನ ಪೊಟ್ಟಣ, ಇನ್ನೊಂದು ಕೈಯಲ್ಲಿ ಹಸಿರು ಸೀರೆಯ ಚೀಲ ಹಿಡಿದು, ಒಂಬತ್ತರ ಬಸ್ಸಿಗೆಂದು ಚಾಮರಾಜನಗರದ ಬಾಡಿಗೆ ಮನೆಯ ಮೆಟ್ಟಿಲಿಳಿದ. ಕೆಳಗಿನ ಮನೆಯಲ್ಲಿ ಅವನ ಮನೆ ಮಾಲೀಕರು, ಹಾಸಿಗೆ ಹೊಲಿಯುವ ಖುದ್ದೂಸ್ ಭಾಯ್, ಅಂಗಿ ಬಿಚ್ಚಿ ಬಾಗಿಲ ಚೌಕಟ್ಟಿಗೆ ಎಮ್ಮೆಯ ಹಾಗೆ ಬೆನ್ನು ಉಜ್ಜುತ್ತಿದ್ದರು.

ಎದುರುಮನೆಯ ಗೋವಿಂದಯ್ಯ ಆಗಲೇ ಕನ್ನಡಕ ಏರಿಸಿ ಆ ಬೆನ್ನನ್ನು ನಕಾಶೆಯಂತೆ ಓದುತ್ತಿದ್ದರು. ಮೂವತ್ತೆರಡು ವರ್ಷ ಪಶು ಆಸ್ಪತ್ರೆಯಲ್ಲಿ ದನಗಳ ಬಾಲ ಹಿಡಿದು ನಿವೃತ್ತರಾದವರು ಅವರು. ಬೀದಿಯಲ್ಲಿ ಯಾರು ಕೆಮ್ಮಿದರೂ ಮೊದಲ ತಪಾಸಣೆ ಅವರದೇ.

“ಅನುಮಾನಾನೇ ಇಲ್ಲ. ಅಮ್ಮ ಎದ್ದವ್ಳೆ,” ಎಂದರು ಗೋವಿಂದಯ್ಯ. ಸೀತಾಳೆ ಸಿಡುಬನ್ನು ಆ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಅಮ್ಮ ಎಂದೇ ಕರೆಯುವುದು.

“ಅಯ್ಯೋ, ನಂಗೆ ಐವತ್ತೆರಡು ವರ್ಷ! ಈಗ ಬರೋದಾ?”

“ಯಾವಾಗ ಬರ್ಬೇಕು ಅಂತ ನಿಮ್ಮುನ್ನ ಕೇಳ್ಕಂಡು ಬತ್ತಾಳಾ?” ಎಂದು ಹೇಳಿ ಗೋವಿಂದಯ್ಯ ಆರು ಹೆಜ್ಜೆ ಹಿಂದೆ ಸರಿದರು. ಅವರ ಹಿಂದೆ ನೆರೆದಿದ್ದ ಬೀದಿಯವರು ಹತ್ತು ಹೆಜ್ಜೆ ಸರಿದರು. ಖುದ್ದೂಸ್ ಭಾಯ್ ಹೆಂಡತಿ ಕುಲ್ಸುಂ ಬಿ ಮಗಳ ಮನೆಗೆಂದು ಮೈಸೂರಿಗೆ ಹೋಗಿದ್ದರು. ಅಷ್ಟು ದೊಡ್ಡ ಆಳು ಬಾಗಿಲಲ್ಲಿ ಒಬ್ಬಂಟಿಯಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತರು.

ಶಿವಶಂಕರ ಹೂವು, ಸೀರೆಯ ಚೀಲ ಎರಡನ್ನೂ ಮೆಟ್ಟಿಲ ಮೇಲಿಟ್ಟ. ನಾಲ್ಕನೇ ತಿಂಗಳಲ್ಲಿ ನಾಗರತ್ನಳಿಗೆ ಇದ್ದಕ್ಕಿದ್ದಂತೆ ರಕ್ತ ಹೋದಾಗ, ಮಾರಾಟಕ್ಕಿಟ್ಟಿದ್ದ ಹೊಸ ಹಾಸಿಗೆಯನ್ನೇ ಗೂಡ್ಸ್ ಆಟೋದಲ್ಲಿ ಹಾಸಿ, ಅವಳನ್ನು ಮಲಗಿಸಿ, ಒಂದು ಗುಂಡಿಗೂ ಚಕ್ರ ಬೀಳದ ಹಾಗೆ ಆಸ್ಪತ್ರೆಗೆ ತಲುಪಿಸಿದವರು ಇದೇ ಖುದ್ದೂಸ್ ಭಾಯ್. ಮಗು ಉಳಿದಿತ್ತು. ಆ ಹಾಸಿಗೆಯ ಮಾತನ್ನು ಅವರು ಮತ್ತೆ ಎತ್ತಿರಲಿಲ್ಲ.

“ಎಲ್ರೂ ಸರ್ಕಳಿ,” ಎಂದ ಶಿವಶಂಕರ. “ನಂಗೆ ಆರು ವರ್ಷಕ್ಕೇ ಬಂದೋಗದೆ. ಒಂದ್ಸಲ ಬಂದ್ರೆ ಮತ್ತೆ ಬರಲ್ಲ.”

“ಅದೆಂಗೆ ಅಷ್ಟು ಗ್ಯಾರಂಟಿ?” ಎಂದರು ಗೋವಿಂದಯ್ಯ ದೂರದಿಂದ.

ಬದನಗುಪ್ಪೆಯ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದ ಶಿವಶಂಕರ ಈ ಪ್ರಶ್ನೆಗೆ ಒಂದು ತಿಂಗಳಿಂದ ಕಾಯುತ್ತಿದ್ದ. ಕಾರ್ಖಾನೆಯಲ್ಲಿ ಆರೋಗ್ಯದ ಬಗ್ಗೆ ಭಾಷಣ ನಡೆದಾಗ ನಿದ್ದೆ ಮಾಡದೆ ಕೇಳಿದವನು ಅವನೊಬ್ಬನೇ. “ರಕ್ತದೊಳಗೆ ಬಿಳಿ ಕಣ ಅಂತ ಇರ್ತವೆ ಗೋವಿಂದಯ್ಯನೋರೆ. ಹೊಸ ರೋಗ ನುಗ್ಗಿದ್ರೆ ಮೊದಲನೇ ಸಲ ಅವಕ್ಕೆ ಗುರುತು ಹತ್ತಕ್ಕೇ ದಿನ ಹಿಡೀತದೆ, ಅಷ್ಟ್ರಲ್ಲಿ ನಾವು ಮಲಗ್ಬುಡ್ತೀವಿ. ಆದ್ರೆ ಹೊಡೆದಾಡಿ ಗೆದ್ದ ಮೇಲೆ ಮುಖ ಮರೆಯಲ್ಲ. ಮತ್ತೆ ಅದೇ ರೋಗ ಬಂದ್ರೆ ಬಾಗಿಲಲ್ಲೇ ಹಿಡ್ಕಂಡು ಚಚ್ತವೆ.”

“ದನದಲ್ಲೂ ಹಂಗೇ ಬುಡು,” ಎಂದರು ಗೋವಿಂದಯ್ಯ, ಸೋಲೊಪ್ಪದೆ.

ಶಿವಶಂಕರ ಖುದ್ದೂಸ್ ಭಾಯ್ ಅವರನ್ನು ತಬ್ಬಿ ಹಿಡಿದು ಒಳಗೆ ಮಲಗಿಸಿದ. ಬೇವಿನ ಸೊಪ್ಪು ಅರೆದ. ಬೆನ್ನಿಗೆ ಹಚ್ಚಿದ. ಗಂಜಿ ಕಾಸಿ ಕುಡಿಸಿದ. ಒಂಬತ್ತರ ಬಸ್ಸು ಹೋಯಿತು, ಹತ್ತರದೂ ಹೋಯಿತು. ಡಾಕ್ಟರ್ ಬುಶ್ರಾ ಅವರ ಕ್ಲಿನಿಕ್ ಭಾನುವಾರ ತೆರೆಯುವುದು ಮಧ್ಯಾಹ್ನ ಮೂರಕ್ಕೆ. ಖುದ್ದೂಸ್ ಭಾಯ್ ಅಲ್ಲಿಗೆ ಹೋಗಲು ಆಟೋ ಗೊತ್ತು ಮಾಡಿ, ಡಾಕ್ಟರ ನಂಬರನ್ನು ತಾನೂ ಬರೆದುಕೊಂಡು ಹೊರಟಾಗ ಹನ್ನೊಂದಾಗಿತ್ತು. ಹೊಸ ಪಂಚೆ ಅಷ್ಟರಲ್ಲಿ ಸೊಪ್ಪಿನ ಸಾರಿಗೆ ಅದ್ದಿ ತೆಗೆದಂತಿತ್ತು.

“ನಿನ್ ಮಗು ಗಟ್ಟಿಮುಟ್ಟಾಗಿ ಹುಟ್ಲಿ ಶಂಕರಪ್ಪ,” ಎಂದು ಖುದ್ದೂಸ್ ಭಾಯ್ ಮಲಗಿದಲ್ಲೇ ಕೈ ಎತ್ತಿದರು.

ಬಸ್ಸು ತೆರಕಣಾಂಬಿ ದಾಟುವಾಗ ಶಿವಶಂಕರ ತಾಯಿಗೆ ಫೋನ್ ಮಾಡಿದ. ಚಿಕ್ಕಮಲ್ಲಮ್ಮ ಹರದನಹಳ್ಳಿಯಿಂದ ಬೆಳಿಗ್ಗೆಯೇ ಗುಂಡ್ಲುಪೇಟೆಗೆ ಹೋಗಿ ಬೀಗರ ಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದಳು. ತಾನು ಮಾಡಿದ ಉಪಕಾರವನ್ನು ತಾಯಿಯ ಮುಂದೆ ಹೇಳಿಕೊಳ್ಳುವ ಆಸೆ ಅವನಿಗೆ.

“ನಂಗೇನ್ ಭಯ ಅವ್ವ, ಆರು ವರ್ಷದಲ್ಲೇ ಅಮ್ಮ ಎದ್ದಿತ್ತಲ್ಲ.”

“ಯಾರ್ಗೆ?”

“ನಂಗೆ ಕಣವ್ವ. ಬೇವಿನ ಸೊಪ್ಪಿನ ಮೇಲೆ ಮಲಗ್ಸಿದ್ದಲ್ಲ?”

“ಥೂ, ಅದು ನಿಮ್ಮಣ್ಣ ಪುಟ್ಟಬಸಪ್ಪಂಗೆ ಕಣ್ಲಾ! ನಿಂಗೆ ಅಂಟ್ಕಬಾರ್ದು ಅಂತ ನಿಮ್ಮಜ್ಜಿ ಮನೇಲಿ ಬುಟ್ಟಿದ್ದೆ. ನಂಗೂ ಬೇವಿನ ಸೊಪ್ಪಲ್ಲಿ ಮಲಗ್ಸಿ ಅಂತ ತಿಂಗಳೆಲ್ಲ ರಚ್ಚೆ ಹಿಡಿದಿದ್ದೆ ನೀನು.”

ಬಸುರಿಯರಿಗೆ ಈ ರೋಗ ತಗುಲಿದರೆ ತಾಯಿಗೂ ಮಗುವಿಗೂ ಅಪಾಯ ಎಂದು ಶಿವಶಂಕರ ಕಾರ್ಖಾನೆಯ ಅದೇ ಭಾಷಣದಲ್ಲಿ ಕೇಳಿದ್ದ. ಖುದ್ದೂಸ್ ಭಾಯ್ ಬೆನ್ನು, ಅವರನ್ನು ತಬ್ಬಿದ ತನ್ನ ಎರಡು ತೋಳು, ತೊಡೆಯ ಮೇಲಿನ ಹಸಿರು ಸೀರೆ, ಮೂರನ್ನೂ ಒಟ್ಟಿಗೆ ನೆನೆದು ಅವನು ಸೀರೆಯ ಚೀಲವನ್ನು ತೊಡೆಯಿಂದೆತ್ತಿ ದೂರ ಇಟ್ಟ.

ಗುಂಡ್ಲುಪೇಟೆಯಲ್ಲಿ ಅವನು ಬೀದಿಗೆ ಕಾಲಿಡುವ ಮೊದಲೇ ಸುದ್ದಿ ಬೀದಿ ಸುತ್ತಿತ್ತು. ಅತ್ತೆ ಸುಧಾಮಣಿ ಗೇಟಿನಲ್ಲಿ ಎರಡೂ ಕೈ ಚಾಚಿ ನಿಂತಿದ್ದರು. ಎಂದೂ ಅಳಿಯನ ಎದುರು ದನಿ ಎತ್ತದವರು.

“ಅಳಿಯಂದ್ರೆ, ತಪ್ಪು ತಿಳ್ಕಬ್ಯಾಡಿ. ಅಲ್ಲೇ ನಿಂತ್ಕಳಿ!”

“ನಾನೇ ಬರಲ್ಲ ಅತ್ತೆ. ನಾಗರತ್ನ ಹೆಂಗವ್ಳೆ?”

“ಚೆನ್ನಾಗವ್ಳೆ. ಬಸ್ಸು ಕೆಟ್ಟದೆ ಅಂತ ಹೇಳಿವಿ. ಈ ವಿಷ್ಯ ತಿಳಿದ್ರೆ ಗಾಬರಿ ಆಯ್ತಾಳೆ, ನೀವೂ ಫೋನಲ್ಲಿ ಬಾಯಿ ಬುಡ್ಬ್ಯಾಡಿ.”

ಎದುರಿಗೆ ಕೇರಳದವರ ಒಂದು ಬೇಕರಿ. ಮಾಲೀಕ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ, “ಕೂತ್ಕೊಳ್ಳಿ ಸಾರ್,” ಎಂದು ಪ್ರೀತಿಯಿಂದ ಹೇಳಿ, ಪಫ್ಸ್ ತಟ್ಟೆಯನ್ನು ಒಳಗೆ ಎತ್ತಿಟ್ಟುಕೊಂಡ. ಸೀಮಂತಕ್ಕೆ ಬಂದವರು ಗೇಟಿನ ಹತ್ತಿರ ನಿಂತು ಸಲಹೆ ಎಸೆಯತೊಡಗಿದರು. ಅರಿಸಿನ ತಿನ್ನಲಿ ಎಂದರು ಒಬ್ಬರು. ಬಿಸಿಲಿಗೆ ಮುಖ ಕೊಟ್ಟು ಕೂರಲಿ ಎಂದರು ಇನ್ನೊಬ್ಬರು. ಶಿವಶಂಕರ ಅತ್ತ ಸೂರ್ಯನಿಗೂ ಇತ್ತ ಮಾವನ ಮನೆಗೂ ಮುಖ ತಿರುಗಿಸುತ್ತ ಕೂತ. ಒಳಗಿಂದ ಸೋಬಾನೆ ಕೇಳಿಸಿತು, ಬಳೆಗಳ ಸದ್ದು ಕೇಳಿಸಿತು. ತನ್ನ ಹೆಂಡತಿಯ ಸೀಮಂತವನ್ನು ಅವನು ಕಿವಿಯಲ್ಲಿ ನೋಡಿದ.

ಒಂದೂವರೆಗೆ ಮಾವ ಗುರುಮಲ್ಲಯ್ಯ ಬಂದರು. ತೆಂಗಿನಕಾಯಿ ಕೀಳುವ ದೋಟಿಯ ತುದಿಗೆ ಊಟದ ಚೀಲ ಕಟ್ಟಿ, ರಸ್ತೆಯ ಆ ಬದಿಯಿಂದ ಈ ಬದಿಗೆ ಚಾಚಿದರು. ನಡುವೆ ಬಂದ ಬೈಕು, ಆಟೋಗಳೆಲ್ಲ ಆ ದೋಟಿಯ ಎದುರು ರೈಲ್ವೆ ಗೇಟಿಗೆ ನಿಂತ ಹಾಗೆ ನಿಂತವು.

“ತುಪ್ಪ ಬ್ಯಾರೆ ಕಟ್ಟಿವ್ನಿ ಅಳಿಯಂದ್ರೆ, ಚೆಲ್ಕಬ್ಯಾಡಿ!”

ಚೀಲ ಬಿಚ್ಚಿದರೆ ನಾಲ್ಕು ಹೋಳಿಗೆ, ಕೋಸಂಬರಿ, ಚಿತ್ರಾನ್ನ. ದೂರ ಇಟ್ಟದ್ದೂ ಪ್ರೀತಿಯೇ, ಉಣಿಸಿದ್ದೂ ಪ್ರೀತಿಯೇ. ನನ್ನ ಮಗುವಿಗೆ ಹುಟ್ಟುವ ಮುಂಚೆಯೇ ಇಷ್ಟು ಜನ ಕಾವಲಿದ್ದಾರಲ್ಲ ಎಂದುಕೊಂಡು ಅವನು ಆ ಹೋಳಿಗೆಯನ್ನು ಕಣ್ಣೀರು ಸೇರಿಸಿ ತಿಂದ.

ಮೂರೂವರೆಗೆ ಫೋನ್ ಬಂತು. ಖುದ್ದೂಸ್ ಭಾಯ್ ಮಾಡಿದ ಕರೆ, ಆದರೆ ಮಾತಾಡಿದವರು ಡಾಕ್ಟರ್ ಬುಶ್ರಾ.

“ಯಾರ್ರೀ ಇವರಿಗೆ ಅಮ್ಮ ಅಂತ ಹೇಳಿದ್ದು? ನಿನ್ನೆ ನುಗ್ಗೆ ಮರದ ಕೆಳಗೆ ಹಾಸಿಗೆ ಒಣಗಿಸಿ ಅದರ ಮೇಲೇ ಮಲಗಿದಾರೆ. ಕಂಬಳಿಹುಳದ ರೋಮ ಚುಚ್ಚಿದೆ, ಅಷ್ಟೆ. ಮೈಯೊಳಗಿನ ಕಾವಲು ಪಡೆ ಒಂದು ರೋಮಕ್ಕೆ ದಂಡು ಕಟ್ಕೊಂಡು ಹೋಗಿ ಇಷ್ಟು ದದ್ದು ಎಬ್ಬಿಸಿದೆ. ಮಾತ್ರೆ ಕೊಟ್ಟಿದೀನಿ, ಸಂಜೆಗೆ ಇಳಿಯುತ್ತೆ.”

“ಹಂಗಾರೆ ನಾನು ನನ್ ಬಸುರಿ ಹೆಂಡ್ತೀನ ನೋಡ್ಬೋದಾ ಮೇಡಂ?”

“ಧಾರಾಳವಾಗಿ. ನಿಜವಾಗಿ ಅಮ್ಮನೇ ಆಗಿದ್ರೂ, ಇವತ್ತು ನಿಮಗೆ ತಗುಲಿದ್ದು ಇವತ್ತೇ ನಿಮ್ಮಿಂದ ಬೇರೆಯವರಿಗೆ ಹೋಗಲ್ಲ. ವಾರವಾದ್ರೂ ಬೇಕು.”

ಉಳಿದದ್ದನ್ನು ಕೇಳಲು ಶಿವಶಂಕರ ಅಲ್ಲಿರಲಿಲ್ಲ. ಸೀರೆಯ ಚೀಲ ಎದೆಗವುಚಿಕೊಂಡು, ಕಟ್ಟು ಬಿಚ್ಚಿದ ಕರುವಿನಂತೆ ರಸ್ತೆ ದಾಟಿದ್ದ. “ಅಮ್ಮ ಅಲ್ಲ! ಕಂಬಳಿಹುಳ!” ಎಂದು ಕೂಗುತ್ತ ಗೇಟು ತಳ್ಳಿದ. ಅತ್ತೆ “ಸದ್ಯ!” ಎಂದು ಕೈಮುಗಿದರು. ನೆಂಟರೆಲ್ಲ ಹೊರಟು ಹೋಗಿದ್ದರು. ಜಗಲಿಯ ಮೇಲೆ ಮಾವ ಗುರುಮಲ್ಲಯ್ಯ ಎದ್ದು ನಿಂತು ತೋಳು ಚಾಚಿದರು. ಮಧ್ಯಾಹ್ನದಿಂದ ತಡೆದಿಟ್ಟಿದ್ದ ಕೃತಜ್ಞತೆಯನ್ನೆಲ್ಲ ಸೇರಿಸಿ ಅಳಿಯ ಮಾವನನ್ನು ಬಿಗಿಯಾಗಿ ತಬ್ಬಿಕೊಂಡ, ಕೆನ್ನೆಗೆ ಕೆನ್ನೆ ಒತ್ತಿದ.

“ಇದೇನ್ ಮಾವ, ಮೈ ಸುಡ್ತಾ ಅದೆ?”

“ನೆನ್ನೆಯಿಂದ ಸ್ವಲ್ಪ ಬೆಚ್ಚಗದೆ. ಓಡಾಟದ ಸುಸ್ತು ಬುಡಿ.”

ಆಗ ನಾಗರತ್ನ ಹೊರಗೆ ಬಂದಳು, ಎರಡೂ ಕೈ ತುಂಬ ಹಸಿರು ಬಳೆ, ಮುಖದಲ್ಲಿ ಸಿಟ್ಟು. “ಏನ್ರೀ, ನಿಮ್ ಬಸ್ಸು ಈಗ ರಿಪೇರಿ ಆಯ್ತಾ?” ಎಂದವಳು ಅಪ್ಪನ ಕುತ್ತಿಗೆ ನೋಡಿ ನಿಂತಳು. “ಅಪ್ಪಾ, ಇದೇನು? ಬೆಳಿಗ್ಗೆ ಇರ್ಲಿಲ್ಲ.”

ಕಿವಿಯ ಕೆಳಗೆ ಒಂದು ಗುಳ್ಳೆ ಎದ್ದಿತ್ತು. ದದ್ದಲ್ಲ, ಇಬ್ಬನಿಯ ಹನಿಯಂತೆ ನೀರು ತುಂಬಿದ ಗುಳ್ಳೆ. ಅಂಗಿ ಬಿಚ್ಚಿಸಿದರೆ ಎದೆಯ ಮೇಲೆ ಇನ್ನೂ ಏಳು.

ಫೋಟೋ ತೆಗೆದು ಡಾಕ್ಟರ್ ಬುಶ್ರಾಗೆ ಕಳಿಸಿದರು. ಎರಡೇ ನಿಮಿಷದಲ್ಲಿ ಅವರ ಕರೆ ಬಂತು. “ಇದು ಅಮ್ಮನೇ. ಇವರನ್ನ ಬೇರೆ ಕೋಣೆಯಲ್ಲಿಡಿ, ಇವತ್ತು ಬಂದವರಿಗೆಲ್ಲ ಫೋನ್ ಮಾಡಿ ತಿಳಿಸಿ. ಮೊದಲು ಹೇಳಿ, ಬಸುರಿಗೆ ಈ ಮುಂಚೆ ಬಂದಿತ್ತಾ?”

ಸುಧಾಮಣಿ ಬಾಯಿಗೆ ಸೆರಗು ಒತ್ತಿಕೊಂಡರು. “ಇಲ್ಲ ಮೇಡಂ, ನನ್ ಮಗಳ್ಗೆ ಬಂದೇ ಇಲ್ಲ.” ಶಿವಶಂಕರ ಅಲ್ಲೇ ನೆಲಕ್ಕೆ ಕುಸಿದ. ಮಧ್ಯಾಹ್ನವೆಲ್ಲ ಬೀದಿಯಲ್ಲಿ ಕೂತು ಯಾವುದನ್ನು ತಡೆದೆ ಎಂದುಕೊಂಡಿದ್ದನೋ ಅದು ಒಳಗೇ ಇತ್ತು.

“ಬಂದಿತ್ತು,” ಎಂದಳು ನಾಗರತ್ನ ಮೆಲ್ಲಗೆ.

ಎಲ್ಲರೂ ಅವಳತ್ತ ತಿರುಗಿದರು.

“ಎಂಟ್ನೇ ಕ್ಲಾಸಲ್ಲಿ, ಹಾಸ್ಟೆಲ್‌ನಲ್ಲಿ. ಡಾಕ್ಟರೇ ಬಂದು ನೋಡಿದ್ರು. ಹೇಳಿದ್ರೆ ಅವ್ವ ಓದು ಬುಡ್ಸಿ ಮನೆಗೆ ಕರ್ಕಂಡ್ ಬತ್ತಾಳೆ ಅಂತ ವಾರ್ಡನ್ ಕಾಲು ಹಿಡಿದು ಮುಚ್ಚಿಟ್ಟಿದ್ದೆ.” ಸೊಂಟದ ಹತ್ತಿರ ಸೀರೆ ಸರಿಸಿ ಬೇಳೆಯಷ್ಟು ದೊಡ್ಡ ಎರಡು ಹಳೆಯ ಕಲೆ ತೋರಿಸಿದಳು.

ಫೋನಿನಲ್ಲಿ ಡಾಕ್ಟರ್ ಜೋರಾಗಿ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. “ಹಾಗಾದ್ರೆ ಪುಣ್ಯ. ಆಗ ಹೋರಾಡಿದ ಶಕ್ತಿ ಇವತ್ತಿಗೂ ಆಕೆಯ ರಕ್ತದಲ್ಲಿದೆ. ಅದು ಹೊಟ್ಟೇಲಿರೋ ಮಗುವಿಗೂ ಹರಿದು ಹೋಗುತ್ತೆ. ಹುಟ್ಟಿದ ಮೇಲೂ ಕೆಲವು ತಿಂಗಳು ಕಾಯುತ್ತೆ. ಆದ್ರೂ ನಾಳೆ ಒಮ್ಮೆ ಕರೆತನ್ನಿ, ನೋಡ್ತೀನಿ. ಮನೇಲಿ ಮಿಕ್ಕವರಿಗೆ?”

ಸುಧಾಮಣಿ ಬಂದಿದೆ ಎಂದರು. ಅಡುಗೆಮನೆಯಿಂದ ಬಂದ ಚಿಕ್ಕಮಲ್ಲಮ್ಮನೂ ತನಗೆ ಬಂದಿದೆ ಎಂದಳು. ಆಮೇಲೆ ಎಲ್ಲರ ಕಣ್ಣೂ ನೆಲದ ಮೇಲೆ ಕೂತಿದ್ದ ಶಿವಶಂಕರನ ಮೇಲೆ ಬಿದ್ದವು. ಬೆಳಗಿನಿಂದ ಮಾವನ ಹತ್ತಿರ ಸುಳಿಯದೆ ಇದ್ದವನು ಅವನೊಬ್ಬನೇ. ತಬ್ಬಿಕೊಂಡು ಕೆನ್ನೆಗೆ ಕೆನ್ನೆ ಒತ್ತಿದವನೂ ಅವನೊಬ್ಬನೇ. “ನಂಗೊಬ್ಬಂಗೇ ಬಂದಿಲ್ಲ ಮೇಡಂ,” ಎಂದ ಅವನು ಫೋನಿಗೆ.

“ನಾಳೆ ಬೆಳಿಗ್ಗೆ ನೀವೂ ಬಂದು ಲಸಿಕೆ ಹಾಕಿಸ್ಕೊಳ್ಳಿ ಶಿವಶಂಕರ್. ತಪ್ಪಿದ್ರೂ ತಪ್ಪಬಹುದು. ಬಂದ್ರೂ ಜೋರಾಗಿ ಬರಲ್ಲ.”

ಗುರುಮಲ್ಲಯ್ಯ ಗೋಡೆಯ ಕಡೆ ಮುಖ ಮಾಡಿ, “ಅಳಿಯಂದ್ರೆ, ಇನ್ನು ಹತ್ತು ನಿಮಿಷ ತಡೆದು ಬಂದಿದ್ರೆ...” ಎಂದು ಅರ್ಧಕ್ಕೇ ನಿಲ್ಲಿಸಿದರು.

ಶಿವಶಂಕರನ ಕಿವಿಗೆ ಅವರ ಮಾತು ಬೀಳಲಿಲ್ಲ. ಹೆಂಡತಿಯ ಪಕ್ಕ ಹೋಗಿ ಕೂತ. ಯಾವುದೋ ಹಾಸ್ಟೆಲ್ ಕೋಣೆಯ ಮೂಲೆಯಲ್ಲಿ, ತಾಯಿಗೂ ಹೇಳದೆ ನರಳಿದ ಹದಿಮೂರು ವರ್ಷದ ಹುಡುಗಿಯೊಬ್ಬಳು ತನ್ನ ಮಗುವನ್ನು ಅಂದೇ ಕಾಪಾಡಿಟ್ಟಿದ್ದಳು. ಅವಳ ಕೈ ಹಿಡಿದ. ಬಳೆಗಳು ಗಲಗಲ ಎಂದವು.

“ಆಗ ತುಂಬ ಕಷ್ಟ ಆಯ್ತಾ ನಾಗು?”

“ಹನ್ನೆರಡು ದಿನ ಕಣ್ರೀ. ತುರಿಸ್ಕಬಾರ್ದು ಅಂತ ಎರಡು ಕೈಗೂ ಕಾಲುಚೀಲ ಹಾಕ್ಕಂಡು ಮಲಗ್ತಿದ್ದೆ.”

ಶಿವಶಂಕರನ ಕಣ್ಣು ತುಂಬಿ ಬಂತು. ನಾಗರತ್ನ ಸೆರಗಿನಿಂದ ಅವನ ಕಣ್ಣೊರೆಸಿದಳು. ಆಮೇಲೆ ತುಂಬ ಅಕ್ಕರೆಯಿಂದ ಕೇಳಿದಳು:

“ನಿಮ್ಗೂ ಎರಡು ಜೊತೆ ಕಾಲುಚೀಲ ಒಗೆದಿಡ್ಲಾ?”