ತಮ್ಮನ ಮನೆಗೆ ನನ್ನ ಸಹಿ

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ಹೇಳಿ ನಮ್ಮ ಹಿರಿಯರು ಕೈ ತೊಳೆದುಕೊಂಡರು. ಕೊಡದೆ, ಇಸಕೊಳ್ಳದೆ, ನಡುವೆ ನಿಂತು ಬರೀ ಸಹಿ ಮಾಡಿದವಳನ್ನು ಏನೆಂದು ಕರೆಯಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಬಹುಶಃ ಅವರ ಕಾಲದಲ್ಲಿ ಅಂಥ ಜಾಣರು ಹುಟ್ಟಿರಲಿಲ್ಲ. ನಾನು ಹುಟ್ಟಿದ್ದೇನೆ. ಮಿರಜದ ಹತ್ತಿರ ಒಂದು ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಹಾಜರಿ ಪುಸ್ತಕ, ಪ್ರಗತಿಪತ್ರ, ಮಧ್ಯಾಹ್ನದ ಊಟದ ಅಕ್ಕಿಯ ವಹಿ ಎಂದು ದಿನಕ್ಕೆ ಇಪ್ಪತ್ತು ಸಹಿ ಮಾಡುವ ನನಗೆ ಇಪ್ಪತ್ತೊಂದನೆಯದು ಭಾರ ಎನಿಸಲಿಲ್ಲ. ಅದು ನನ್ನ ತಮ್ಮ ಬಾಳುವಿನ ಮನೆ ಸಾಲದ ಜಾಮೀನಿಗೆ ಮಾಡಿದ ಸಹಿ.

ಬಾಳು ಒಳ್ಳೆಯವನು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅವಕಾಶ ಸಿಗಲಿಕ್ಕಿಲ್ಲ. ಕವಲಾಪುರದಲ್ಲಿ ಇರುತ್ತಾನೆ, ದ್ರಾಕ್ಷಿ ತುಂಬುವ ರಟ್ಟಿನ ಪೆಟ್ಟಿಗೆ ಮಾರುತ್ತಾನೆ. ಮನೆ ಕಟ್ಟಿಸುವ ಹುಕಿ ಬಂದಾಗ ಹೆಂಡತಿ ಮಾಡಿದ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದ. "ಅಕ್ಕಾ, ನಿಂದು ಸರಕಾರಿ ಪಗಾರ. ನೀ ಬರೇ ಒಂದ ಸಹಿ ಮಾಡ, ಉಳಿದದ್ದು ನಾ ನೋಡಕೋತೇನಿ" ಎಂದ. ನಾನು ಮೂರನೆಯ ಹೋಳಿಗೆಯಲ್ಲಿದ್ದೆ. ಬಾಯಿ ತುಂಬಿದ್ದಾಗ ಇಲ್ಲ ಎನ್ನುವುದು ಕಷ್ಟ.

ತೊಂದರೆ ಏನೆಂದರೆ, ದ್ರಾಕ್ಷಿ ಬರುವುದು ವರ್ಷಕ್ಕೊಮ್ಮೆ, ಬ್ಯಾಂಕಿನ ಕಂತು ಬರುವುದು ತಿಂಗಳಿಗೊಮ್ಮೆ. ಸುಗ್ಗಿಯಲ್ಲಿ ಬಾಳು ರಾಜ. ಮಳೆಗಾಲದಲ್ಲಿ ಬ್ಯಾಂಕಿನವರು ರಾಜನನ್ನು ಬಿಟ್ಟು ಅಕ್ಕನನ್ನು ಹುಡುಕಿಕೊಂಡು ಬರುತ್ತಾರೆ. ಹಳೆಯ ಬ್ಯಾಂಕು ನಮ್ಮದೇ ಭಾಗದ ಸಣ್ಣ ಬ್ಯಾಂಕು. ಅದರ ಮ್ಯಾನೇಜರರು ಫೋನು ಮಾಡಿದರೆ ಮೊದಲು ನನ್ನ ಮೊಣಕಾಲ ನೋವನ್ನು ವಿಚಾರಿಸಿ, ಆಮೇಲೆ "ನಿಮ್ಮ ತಮ್ಮ ಬಾಳಾಸಾಹೇಬರು ಈ ಕಡೆ ಬಂದಿಲ್ರೀ, ಅಕ್ಕೋರ" ಎನ್ನುತ್ತಿದ್ದರು. ಅದು ದೊಡ್ಡ ಊರಿನ ದೊಡ್ಡ ಬ್ಯಾಂಕಿನಲ್ಲಿ ವಿಲೀನವಾಯಿತು. ಹೊಸಬರು ಮೊಣಕಾಲು ವಿಚಾರಿಸುವುದಿಲ್ಲ. ಮೊಬೈಲಿಗೆ ನೇರವಾಗಿ ಬೆದರಿಕೆ ಕಳಿಸುತ್ತಾರೆ, ಅದೂ ಸರಿಯಾಗಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ. ನಾನು ಕಣ್ಣು ಮುಚ್ಚಿ ಕೈ ಮುಗಿದು ನಿಂತಿರುವುದನ್ನು ಕಂಡು ಮುಖ್ಯಾಧ್ಯಾಪಕರು ನನ್ನನ್ನು ಬಹಳ ಭಕ್ತಿವಂತೆ ಎಂದು ತಿಳಿದಿದ್ದಾರೆ.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ನಮ್ಮವರದು, ಅಂದರೆ ನನ್ನ ಗಂಡನದು, ತಂಬೂರಿ ಮಾಡುವ ಕಸಬು. ತಂಬೂರಿಗೆ ಬೇಕಾದ ಸೋರೆ ಬುರುಡೆಗಳು ಮಂಚದ ಕೆಳಗೆ, ಕಪಾಟಿನ ಮೇಲೆ, ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ. ಅತಿಥಿಗಳು ಬಂದರೆ ಮೊದಲು ಬುರುಡೆ ಎದ್ದು ಜಾಗ ಕೊಡಬೇಕು. ಮಾಳಿಗೆಯ ಮೇಲೆ ಅವರಿಗೊಂದು ಕೋಣೆ ಕಟ್ಟಿಸೋಣವೆಂದು ನಾನು ಸಾಲ ಕೇಳಲು ಹೋದರೆ, ತಮ್ಮನ ಸಾಲಕ್ಕೆ ಜಾಮೀನು ಇರುವ ತನಕ ನಿಮಗೆ ಕೊಡಲು ಬರುವುದಿಲ್ಲ ಎಂದರು. ಮನೆ ತಮ್ಮನದಾಯಿತು, ಬುರುಡೆ ನಮ್ಮ ಪಾಲಿಗೆ ಉಳಿಯಿತು. ನಮ್ಮವರು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಅಷ್ಟರಲ್ಲಿ ದೇವರೇ ದಾರಿ ತೋರಿಸಿದ. ವಿಲೀನದ ಗದ್ದಲದಲ್ಲಿ ಬಾಳುವಿನ ಸಾಲವಿದ್ದ ಸಾಂಗ್ಲಿ ಶಾಖೆಯನ್ನು ಮುಚ್ಚಿ, ಅದರ ಕಡತಗಳನ್ನೆಲ್ಲ ಮಿರಜ ಶಾಖೆಗೆ ತಂದು ಹಾಕಿದರು. ಸಾಲಗಾರರೆಲ್ಲ ಜಾಮೀನುದಾರರನ್ನು ಕರೆತಂದು ಹೊಸ ಕಾಗದಕ್ಕೆ ಮತ್ತೆ ಸಹಿ ಮಾಡಿಸಬೇಕು, ಹಳಬರು ಒಲ್ಲೆನೆಂದರೆ ಬೇರೆಯವರನ್ನು ತರಬಹುದು ಎಂದು ಪತ್ರ ಬಂತು. ಅಂದರೆ ಬಿಡುಗಡೆ! "ಈ ಸಲ ಇಲ್ಲ ಅಂತೀಯಿಲ್ಲೊ?" ಎಂದು ನಮ್ಮವರು ಒಂದೇ ಸಲ ಕೇಳಿದರು. "ಖಂಡಿತ ಅಂತೇನಿ" ಎಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡೆ. ಬಾಳು, ಸಿಟ್ಟಾಗಬ್ಯಾಡ, ನನಗೂ ಒಂದ ಮನಿ ಐತಿ. ಎರಡು ಸಲ ಕಣ್ಣಲ್ಲಿ ನೀರೂ ಬಂತು.

ಬ್ಯಾಂಕಿನಲ್ಲಿ ಬಾಳುವಿನ ಪಕ್ಕದಲ್ಲಿ ಅವನ ಹೆಂಡತಿಯ ಅಣ್ಣ ಕುಳಿತಿದ್ದ. ಮಾಲಗಾಂವದವನು. ಇಸ್ತ್ರಿ ಅಂಗಿ, ಬಿಳಿ ಟೊಪ್ಪಿಗೆ. ನಾನು ಬಾಯಿ ತೆರೆಯುವ ಮೊದಲೇ ಬಾಳು ಎದ್ದು, "ಅಕ್ಕಾ, ನಿನಗ ಭಾಳ ತ್ರಾಸ ಕೊಟ್ಟೇನಿ. ನಿಮ್ಮ ಮಾಳಿಗಿ ಖೋಲಿ ನನ್ನ ಸಲುವಾಗಿನ ನಿಂತೈತಿ. ಈ ಸಲ ಮಾಲಗಾಂವದ ಅಣ್ಣಾರು ಸಹಿ ಮಾಡತಾರ, ನೀ ಆರಾಮ ಇರು" ಎಂದ.

ಕುಣಿದಾಡಬೇಕಾಗಿದ್ದ ನಾನು ಆ ಬಿಳಿ ಟೊಪ್ಪಿಗೆಯನ್ನೇ ದುರುಗುಟ್ಟಿ ನೋಡಿದೆ. ಆ ಮನೆಯ ವಾಸ್ತುಶಾಂತಿಯಲ್ಲಿ ಕಳಸ ಹೊತ್ತವಳು ನಾನು. ಅವ್ವ ಇಲ್ಲವೆಂದು ಅವಳ ಜಾಗದಲ್ಲಿ ನಿಂತು ಮೊದಲ ಹಾಲು ಉಕ್ಕಿಸಿದವಳು ನಾನು. ಈ ಮನುಷ್ಯ ಅಂದು ನಾಲ್ಕು ಹೋಳಿಗೆ ತಿಂದು ತುಪ್ಪ ಸಾಲಲಿಲ್ಲ ಎಂದಿದ್ದ. ಇವನ ಹೆಸರು ನನ್ನ ತವರುಮನೆಯ ಕಾಗದದ ಮೇಲೆ!

"ಇವರ್ಯಾಕ ಮಾಡಬೇಕು?" ಎಂದೆ. ಬ್ಯಾಂಕೆಲ್ಲ ತಿರುಗಿ ನೋಡಿತು. "ಅವ್ವ ಇಲ್ಲ ಅಂದ್ರ ಅಕ್ಕನೂ ಸತ್ತಾಳೇನು?"

"ಖರೆ ಮಾತ್ರೀ ಅಕ್ಕಾರ" ಎಂದ ಮಾಲಗಾಂವದವನು, ಉಸಿರು ಬಿಡುವುದರೊಳಗೆ ಕುರ್ಚಿ ಬಿಟ್ಟು. "ತವರಮನಿ ನಿಮ್ದು. ನೀವ ಕುಂದ್ರಿ, ನೀವ ಮಾಡ್ರಿ."

ಕುಳಿತೆ. ಎಳೆಯ ವಯಸ್ಸಿನ ಅಧಿಕಾರಿ ಮರಾಠಿಯಲ್ಲಿ ಎಲ್ಲ ವಿವರಿಸಿದ. ಕಂತು ಸಣ್ಣದು ಮಾಡಿದ್ದಾರೆ, ಅವಧಿ ಉದ್ದ ಮಾಡಿದ್ದಾರೆ, ನಾನು ನಿವೃತ್ತಳಾದ ಮೇಲೂ ಅದು ನಡೆಯುತ್ತದೆ. ಆಗಲಿ ಎಂದೆ. ಆಧಾರ ಕಾರ್ಡು, ಪಗಾರ ಚೀಟಿ, ಎರಡು ಫೋಟೋ ಕೇಳಿದ, ಪರ್ಸಿನಿಂದ ತೆಗೆದು ಕೊಟ್ಟೆ. ತೋರಿಸಿದಲ್ಲೆಲ್ಲ ಸಹಿ ಮಾಡಿದೆ. ಹೊರಗೆ ಮಾಲಗಾಂವದವನು ಎಲ್ಲರಿಗೂ ಚಹಾ ಕುಡಿಸಿದ. ಅವನು ಅಷ್ಟು ಖುಷಿಯಾಗಿದ್ದನ್ನು ನಾನು ಎಂದೂ ಕಂಡಿಲ್ಲ.

ಮನೆಗೆ ಬರುವ ಬಸ್ಸಿನಲ್ಲಿ ನನಗೆ ಬುದ್ಧಿ ಬಂತು. ಜಾಮೀನಿಗೆ ಬಂದವನ ಕೈಯಲ್ಲಿ ಒಂದು ಕಾಗದ ಇರಲಿಲ್ಲ, ಒಂದು ಫೋಟೋ ಇರಲಿಲ್ಲ! ಬಾಳು ಚಿಕ್ಕವನಿದ್ದಾಗ ನಾನು ಪೇರಲ ಹಣ್ಣು ಕೊಡದಿದ್ದರೆ, "ಬ್ಯಾಡ ಬಿಡು, ಬಾಜೂಮನಿ ಅಕ್ಕ ಕೊಡತಾಳ" ಎನ್ನುತ್ತಿದ್ದ. ನಾನು ಇಡೀ ಹಣ್ಣು ಅವನ ಬಾಯಿಗೆ ತುರುಕುತ್ತಿದ್ದೆ. ಮನೆಗೆ ಬಂದವಳೇ ನಮ್ಮವರ ಮುಂದೆ ಕುಳಿತು ಎಲ್ಲ ಹೇಳಿದೆ. "ಎಲ್ಲಾ ನಾಟಕರೀ! ಬರಿಗೈಲೆ ಬಂದಿದ್ದ ಅಂವಾ. ಇಬ್ಬರೂ ಕೂಡಿ ಮಸಲತ್ತು ಮಾಡ್ಯಾರ" ಎಂದು ಕೂಗಾಡಿದೆ.

ನಮ್ಮವರು ತಂಬೂರಿಗೆ ತಂತಿ ಬಿಗಿಯುತ್ತಿದ್ದರು. ತಲೆ ಎತ್ತದೆ, "ಅಂವಾ ಬರಿಗೈಲೆ ಬಂದಿದ್ದ, ಖರೆ. ಇಲ್ಲ ಅನ್ನಾಕ ಹೋದಾಕಿ ನೀ, ಫೋಟೋ ಯಾಕ ಒಯ್ದಿದ್ದಿ?" ಎಂದರು.

ಪರ್ಸಿನಲ್ಲಿ ಹಳೆಯವು ಬಿದ್ದಿದ್ದವು ಎಂದೆ. ಅದು ಸುಳ್ಳು. ಹಿಂದಿನ ದಿನ ಶಾಲೆ ಬಿಟ್ಟ ಮೇಲೆ, ಒಳ್ಳೆಯ ಸೀರೆ ಉಟ್ಟು, ಸ್ಟುಡಿಯೋಕ್ಕೆ ಹೋಗಿ ತೆಗೆಸಿದ್ದವು. ಎಂಟು ಪ್ರತಿ. ಇನ್ನೂ ಆರು ಉಳಿದಿವೆ.