ಹೊರಗಿನಿಂದ ಬೀಗ

ಟೇಲರಣ್ಣನ ಕೆಲಸಕ್ಕೆ ಶತ್ರು ಎಂದರೆ ಅವನ ಅಂಗಡಿ ಮುಂದಿನ ಬೆಂಚು. ಗಿರಾಕಿಗಳಿಗೆಂದು ಅವನೇ ಹಾಕಿಸಿದ್ದು. ಗಿರಾಕಿಗಳನ್ನು ಬಿಟ್ಟು ಬೀದಿಯವರೆಲ್ಲ ಅಲ್ಲಿ ಕೂರುತ್ತಿದ್ದರು. ಅವರು ಬಾಯಿ ತೆಗೆದರೆ ಇವನ ಮೆಷಿನ್ ನಿಲ್ಲುತ್ತಿತ್ತು. ಹಾಗಾಗಿ ಭಾಮೈದನ ಕೋಟು ಅವನ ಮದುವೆಯ ದಿನ ಬೆಳಿಗ್ಗೆಯೂ ತೋಳಿಲ್ಲದೆ ನೇತಾಡುತ್ತಿತ್ತು.

"ಐದು ಗಂಟೆಗೆ ಕೋಟು ಬರ್ಲಿಲ್ಲ ಅಂದ್ರೆ ನೀವೂ ಮದುವೆಗೆ ಬರೋದು ಬೇಡ, ಅಂಗಡೀಲೇ ಬಿದ್ದಿರಿ," ಎಂದಿದ್ದಳು ಹೆಂಡತಿ. "ಅಪ್ಪ ಕೇಳಿದ್ರೆ, ಅಳಿಯ ಕಾಣೆಯಾಗಿದಾರೆ ಅಂತೀನಿ."

ಟೇಲರಣ್ಣ ಪಕ್ಕದ ಹೇರ್ ಕಟಿಂಗ್ ಅಂಗಡಿಯವನ ಕೈಗೆ ಬೀಗದಕೈ ಇಟ್ಟ. "ನಾನು ಒಳಗೆ ಕೂತ್ಕೋತೀನಿ. ನೀನು ಷಟರ್ ಎಳೆದು ಹೊರಗಿಂದ ಬೀಗ ಹಾಕು, ಐದಕ್ಕೆ ತೆಗಿ. ಅಲ್ಲೀತನಕ ಯಾರು ಕೇಳಿದ್ರೂ ನಾನಿಲ್ಲ."

"ಅತ್ತಿಗೆ ಬಂದ್ರೆ?"

"ಅವಳಿಗಂತೂ ಇಲ್ಲವೇ ಇಲ್ಲ. ಗುಂಡಿ ಬಣ್ಣ ಸರಿಯಿಲ್ಲ ಅಂತ ಶುರು ಮಾಡಿದ್ರೆ ಮುಗೀತು."

"ನೀನೇ ಬಡಿದ್ರೆ?"

"ನಾನು ಬಡಿದ್ರೆ ತೆಗೀಲೇಬೇಡ. ನನ್ನ ನಂಬಬೇಡ ನೀನು."

ಕಟಿಂಗಣ್ಣ ಕಪಾಟಿನ ಮೇಲೆ ಒಂದು ವರ್ಷದಿಂದ ಮಲಗಿದ್ದ ತನ್ನ ಪ್ಯಾಂಟಿನ ಬಟ್ಟೆಯನ್ನೊಮ್ಮೆ ನೋಡಿದ.

"ಇದಾದ ಮೇಲೆ ನಿಂದೇ," ಎಂದ ಟೇಲರಣ್ಣ, ಎಂದಿನಂತೆ.

ಕಟಿಂಗಣ್ಣ ಮಾತು ಕೊಟ್ಟ. ಮೆಷಿನ್ ಸದ್ದು ಕೇಳದಂತೆ ತನ್ನ ರೇಡಿಯೊವನ್ನೂ ಜೋರು ಮಾಡಿದ.

ಷಟರ್ ಬಿತ್ತು. ಎಂಥ ಶಾಂತಿ. ಆ ಶಾಂತಿಯಲ್ಲಿ ಟೇಲರಣ್ಣ ಮೊದಲು ಗುಂಡಿಗಳನ್ನು ಬಣ್ಣವಾರು ಜೋಡಿಸಿದ. ಆಮೇಲೆ ಎಂದೋ ಕಳೆದಿದ್ದ ಕತ್ತರಿ ಸಿಕ್ಕಿತು; ಅದಕ್ಕೆ ಸಾಣೆ ಹಿಡಿದ. ಕೆಲಸ ಕೆಡಿಸಲು ಯಾರೂ ಇಲ್ಲದಿದ್ದರೆ ಆ ಹೊಣೆಯೂ ಪಾಪ ಕೆಲಸಗಾರನ ತಲೆಗೇ ಬೀಳುತ್ತದೆ.

ಅಷ್ಟರಲ್ಲಿ ಹೊರಗೆ ಬೆಂಚು ತುಂಬಿತು.

"ಬೀಗ ಬಿದ್ದಿದೆಯಲ್ಲ," ಎಂದರು ರಿಟೈರಾದ ಮೇಷ್ಟ್ರು. "ಓಡಿಹೋದ್ನಾ?"

"ಹೋಗ್ದೆ ಏನು ಮಾಡ್ತಾನೆ ಮೇಷ್ಟ್ರೆ, ಊರಿನ ಬಟ್ಟೆಯೆಲ್ಲ ಅವನ ಹತ್ರಾನೇ ಇದೆ," ಎಂದ ಹಾಲಿನವನು.

"ಹೋದ್ರೆ ಹೋಗ್ಲಿ ಬಿಡು. ನನ್ನ ಷರ್ಟಿನ ಎಡಗೈ ಮೊಣಕೈಗೇ ನಿಂತಿದೆ, ಬಲಗೈ ಉಗುರು ದಾಟಿದೆ."

ಟೇಲರಣ್ಣ ಷಟರಿಗೆ ಕಿವಿ ಹಚ್ಚಿದ. ಊರವರ ವಿಷಯಕ್ಕೇ ಮೆಷಿನ್ ನಿಲ್ಲಿಸುವವನು, ತನ್ನದೇ ವಿಷಯ ಬಂದಾಗ ಹೊಲಿಯುತ್ತಾನೆಯೇ? 'ಅಳತೆ ಕೊಡುವಾಗ ಕೈ ಮಡಚಿಕೊಂಡು ಪೇಪರ್ ಓದ್ತಿದ್ದೋರು ಯಾರು' ಎಂಬ ಉತ್ತರ ನಾಲಿಗೆಯ ತುದಿಗೆ ಬಂದು, ಹೆಂಡತಿಯ ಮುಖ ನೆನಪಾಗಿ ಹಾಗೇ ಒಳಕ್ಕೆ ಹೋಯಿತು.

ಕೊನೆಗೆ ಎರಡು ಬಟ್ಟೆ ಚಿಂದಿಗಳನ್ನು ಉಂಡೆ ಮಾಡಿ ಕಿವಿಗೆ ತುರುಕಿಕೊಂಡ. ಆಗ ನಡೆಯಿತು ನೋಡಿ ಪವಾಡ. ಮೆಷಿನ್ ಇಳಿಜಾರಿನ ಸೈಕಲ್ಲಿನಂತೆ ಓಡಿತು. ತೋಳು ಕೂತಿತು, ಕಾಲರ್ ನಿಂತಿತು, ಐದಕ್ಕೆ ಇನ್ನೂ ಹೊತ್ತಿರುವಾಗಲೇ ಇಸ್ತ್ರಿಯೂ ಮುಗಿಯಿತು. ಜನ್ಮದಲ್ಲಿ ಮೊದಲ ಸಲ ಹೇಳಿದ ಹೊತ್ತಿಗೆ ಕೆಲಸ ಮುಗಿಸಿದ ಟೇಲರಣ್ಣ, ಚಿಂದಿ ಕಿತ್ತೆಸೆದು, ಕೋಟನ್ನು ಕೂಸಿನಂತೆ ಎತ್ತಿಕೊಂಡು ಷಟರ್ ಬಡಿದ.

ರೇಡಿಯೊ ನಿಂತಿತು.

"ಮುಗೀತಾ?" ಎಂದ ಕಟಿಂಗಣ್ಣ ಹೊರಗಿನಿಂದ.

"ಮುಗೀತು, ತೆಗಿ. ಭಾಮೈದ ಕಾಯ್ತಿರ್ತಾನೆ."

"ಕಾದ. ಮೂರಕ್ಕೇ ಬಂದಿದ್ದ, ಅತ್ತಿಗೆ ಜೊತೆ. ಫೋಟೊದವನು ಬೇಗ ಬಂದ್ಬಿಟ್ನಂತೆ, ತೋಳಿಲ್ಲದಿದ್ರೂ ಪರವಾಗಿಲ್ಲ ಕೊಟ್ಬಿಡಿ ಅಂತ ಷಟರ್ ಬಡಿದೂ ಬಡಿದೂ ಸಾಕಾದ್ರು. ಅತ್ತಿಗೆ ಕೂಗಿದ್ದು ಹಿಂದಿನ ಬೀದಿಗೂ ಕೇಳಿಸ್ತು. ನಿಂಗೆ ಕೇಳಿಸ್ಲಿಲ್ವಾ?"

"ನೀನೇನಂದೆ?"

"ಇಲ್ಲ ಅಂದೆ. ಮಾತು ಕೊಟ್ಟಿದ್ನಲ್ಲ. ಮೇಷ್ಟ್ರು ಓಡಿಹೋದ ಅಂದ್ರು. ಅತ್ತಿಗೆ 'ನಂಗೊತ್ತಿತ್ತು' ಅಂದ್ರು. ಎದುರುಗಡೆ ರೆಡಿಮೇಡ್ ಅಂಗಡೀಲಿ ಒಂದು ಕೋಟು ತಗೊಂಡು ಹೋದ್ರು. ಚೆನ್ನಾಗಿ ಕೂತಿತ್ತು ಕಣೋ, ಸುಳ್ಳು ಯಾಕೆ ಹೇಳ್ಲಿ."

ಟೇಲರಣ್ಣ ಕೋಟಿನ ಸಮೇತ ಕುಸಿದು ಕೂತ. "ಬೀಗ ತೆಗಿಯೋ ಮಾರಾಯ, ಮದುವೆಗಾದ್ರೂ ಓಡ್ತೀನಿ."

ಹೊರಗೆ ಬೀಗದಕೈ ಒಮ್ಮೆ ಕಿಣಿಗುಟ್ಟಿತು.

"ನಾನು ಬಡಿದ್ರೆ ತೆಗೀಲೇಬೇಡ ಅಂತ ನೀನೇ ಅಂದಿದ್ದೆ," ಎಂದ ಕಟಿಂಗಣ್ಣ ತಣ್ಣಗೆ. "ಹೇಗೂ ಒಳಗಿದೀಯ, ಕೈಯೂ ಓಡ್ತಿದೆ. ಕಪಾಟಿನ ಮೇಲೆ ನನ್ನ ಪ್ಯಾಂಟಿನ ಬಟ್ಟೆ ಇದೆಯಲ್ಲ, ಸೊಂಟ ಸ್ವಲ್ಪ ಸಡಿಲ ಇರ್ಲಿ. ಐದು ಗಂಟೆ ಅಂತ ಏನೂ ಗಡಿಬಿಡಿ ಮಾಡ್ಕೋಬೇಡ, ನಾನು ಕಾಯ್ತೀನಿ."

ರೇಡಿಯೊ ಮತ್ತೆ ಜೋರಾಯಿತು.